ನೋವು ಹೋಯಿತು, ಗಾಯ ಮಾಯಿತೇ?

2025ರ ಮೇ 7ರಂದು ಬೆಂಗಳೂರಿನ ಕ್ರಿಕೆಟ್ ಪ್ರಿಯರಿಗೆ ಒಂದು ಕಹಿ ಸುದ್ದಿ ಬಂತು. ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡದ ಎಡಗೈ ಬ್ಯಾಟುಗಾರ, ಕರ್ನಾಟಕದ ದೇವದತ್ತ ಪಡಿಕ್ಕಲ್ ಅವರ ಬಲತೊಡೆಯ ಹಿಂಭಾಗದ ಸ್ನಾಯುವಿಗೆ ಪೆಟ್ಟಾಗಿದೆ, ಉಳಿದ ಪಂದ್ಯಗಳಲ್ಲಿ ಅವರು ಆಡುವುದಿಲ್ಲ ಎಂಬುದೇ ಆ ಸುದ್ದಿ. 10 ಪಂದ್ಯಗಳಲ್ಲಿ 247 ರನ್ ಗಳಿಸಿದ್ದ ಆಟಗಾರ. ತಂಡವೋ ಪ್ಲೇಆಫ್‌ನ ಹೊಸ್ತಿಲಲ್ಲಿ ನಿಂತಿತ್ತು. ಹದಿನೇಳು ಐಪಿಎಲ್‌ಗಳಲ್ಲಿ ಕೈಗೆ ಸಿಗದ ಕಪ್ ಈ ಸಲವಾದರೂ ನಮ್ದೆ ಎಂದು ಊರೆಲ್ಲ ನಂಬಿದ್ದ ಸಮಯ.

ಎರಡು ದಿನಗಳಲ್ಲಿ ಗಡಿಯ ಉದ್ವಿಗ್ನತೆಯಿಂದ ಪಂದ್ಯಾವಳಿಯೇ ನಿಂತಿತು. ಮತ್ತೆ ಆರಂಭವಾದಾಗ, ಮೇ 25ಕ್ಕೆ ಇದ್ದ ಅಂತಿಮ ಪಂದ್ಯ ಜೂನ್ 3ಕ್ಕೆ ಹೋಗಿತ್ತು. ಅಭಿಮಾನಿಯ ಮನಸ್ಸು ತಕ್ಷಣ ಲೆಕ್ಕ ಹಾಕುತ್ತದೆ: ಮೇ 7ರಿಂದ ಜೂನ್ 3ಕ್ಕೆ 27 ದಿನ. ತೊಡೆ ಹಿಡಿದುಕೊಂಡದ್ದಕ್ಕೆ ಇಷ್ಟು ದಿನ ಸಾಲದೆ? ಪಂದ್ಯದ ದಿನ ವೈಟ್‌ಫೀಲ್ಡ್‌ನಿಂದ ನೇರಳೆ ಮಾರ್ಗದ ಮೆಟ್ರೊದಲ್ಲಿ ಕೆಂಪು ಅಂಗಿ ತೊಟ್ಟು ಹೊರಡುವ ಇಂಜಿನಿಯರುಗಳಿಗೂ, ಎಲೆಕ್ಟ್ರಾನಿಕ್ ಸಿಟಿಯ ಕ್ಯಾಂಟೀನಿನಲ್ಲಿ ಟಿ.ವಿ. ಮುಂದೆ ನಿಲ್ಲುವವರಿಗೂ, ಪೀಣ್ಯದ ಶೆಡ್ಡುಗಳಲ್ಲಿ ಟೀ ವಿರಾಮಕ್ಕೆ ಮೊಬೈಲ್ ತೆಗೆಯುವವರಿಗೂ ಇದು ಸಹಜವಾಗಿ ಹೊಳೆಯುವ ಪ್ರಶ್ನೆ. ದಡ್ಡ ಪ್ರಶ್ನೆಯೇನಲ್ಲ. ಅದರ ಉತ್ತರ ತಿಳಿಯಬೇಕಾದರೆ ನಾವು ಕ್ರೀಡಾಂಗಣ ಬಿಟ್ಟು ತೊಡೆಯೊಳಗೆ ಇಳಿಯಬೇಕು. ಆ ಉತ್ತರ ಪಡಿಕ್ಕಲ್ ಅವರಿಗಿಂತ ಪ್ರಶ್ನೆ ಕೇಳಿದವರಿಗೇ, ಅವರ ಮಕ್ಕಳಿಗೇ ಹೆಚ್ಚು ಬೇಕಾದದ್ದು ಎಂಬುದನ್ನು ಮುಂದೆ ನೋಡೋಣ.

ತೊಡೆಯ ಹಿಂದಿನ ಹಗ್ಗಗಳು

ಕುರ್ಚಿಯ ಮೇಲೆ ಕುಳಿತು, ಹಿಮ್ಮಡಿಯನ್ನು ನೆಲಕ್ಕೆ ಒತ್ತಿ, ಕಾಲನ್ನು ಹಿಂದಕ್ಕೆ ಎಳೆಯುವಂತೆ ಬಿಗಿ ಮಾಡಿ. ಈಗ ಮಂಡಿಯ ಹಿಂಬದಿಯನ್ನು ಮುಟ್ಟಿ ನೋಡಿ. ಎರಡು ಅಂಚಿನಲ್ಲೂ ಗಟ್ಟಿ ಹಗ್ಗದಂತಹವು ಬೆರಳಿಗೆ ತಗಲುತ್ತವೆ. ಇವು ತೊಡೆಯ ಹಿಂಭಾಗದ ಮೂರು ಸ್ನಾಯುಗಳ ಕೆಳತುದಿಯ ರಜ್ಜುಗಳು. ಈ ಮೂರನ್ನೂ ಸೇರಿಸಿ ಹ್ಯಾಮ್‌ಸ್ಟ್ರಿಂಗ್ ಎನ್ನುತ್ತಾರೆ. ನಾವು ಕುಳಿತಾಗ ಆಸನಕ್ಕೆ ಒತ್ತುವ ಮೂಳೆಯಿದೆಯಲ್ಲ, ಅಲ್ಲಿಂದ ಹೊರಟು ಮಂಡಿಯನ್ನು ದಾಟಿ ಕೆಳಗಿನ ಮೂಳೆಗೆ ಇವು ಅಂಟಿಕೊಳ್ಳುತ್ತವೆ. ಅಂದರೆ ಸೊಂಟದ ಕೀಲು, ಮಂಡಿಯ ಕೀಲು ಎರಡನ್ನೂ ದಾಟುತ್ತವೆ. ತೊಂದರೆಯ ಮೂಲ ಇರುವುದು ಇಲ್ಲೇ.

ವೇಗವಾಗಿ ಓಡುವಾಗ ಕಾಲು ಮುಂದಕ್ಕೆ ಬೀಸುತ್ತದೆ. ಪಾದ ನೆಲ ಮುಟ್ಟುವ ಸ್ವಲ್ಪ ಮೊದಲು ಆ ಬೀಸನ್ನು ತಡೆದು ಹಿಡಿಯಬೇಕು. ಆಗ ಸೊಂಟ ಬಾಗಿದೆ, ಮಂಡಿ ನೇರವಾಗುತ್ತಿದೆ. ಎರಡೂ ಕಡೆಯಿಂದ ಈ ಸ್ನಾಯು ಹಿಗ್ಗುತ್ತಿದೆ. ಹಿಗ್ಗುತ್ತಿರುವಾಗಲೇ ಅದು ಬಲವಾಗಿ ಎಳೆಯಲೂಬೇಕು. ಬಾವಿಗೆ ಕೊಡ ಇಳಿಸುವಾಗ ಹಗ್ಗವನ್ನು ಹಿಡಿಹಿಡಿದು ಬಿಡುತ್ತೇವಲ್ಲ, ಅಂಥ ಕೆಲಸ ಇದು. ಕೊಡ ಎತ್ತುವಾಗಲ್ಲ, ಇಳಿಸುವಾಗ ಅಂಗೈ ತರಚುವುದು. ಸ್ನಾಯುವೂ ಹಾಗೆಯೇ: ಕುಗ್ಗುತ್ತ ಎಳೆಯುವಾಗಿಗಿಂತ ಹಿಗ್ಗುತ್ತ ತಡೆಯುವಾಗ ಹರಿಯುವುದು ಹೆಚ್ಚು. ಹರಿತ ಸಾಮಾನ್ಯವಾಗಿ ಆಗುವುದು ಕೆಂಪು ಮಾಂಸಖಂಡವು ಬಿಳಿ ರಜ್ಜುವಿಗೆ ಸೇರುವ ಗಡಿಯಲ್ಲಿ. ಕೆಲವೇ ಎಳೆಗಳು ಹರಿದಿದ್ದರೆ ಮೊದಲ ದರ್ಜೆ, ಗಣನೀಯ ಭಾಗ ಹರಿದಿದ್ದರೆ ಎರಡನೆಯದು, ಪೂರ್ತಿ ಕಿತ್ತುಹೋಗಿದ್ದರೆ ಮೂರನೆಯದು.

ಇಲ್ಲೊಂದು ಮಾತು. ಆಡುಮಾತಿನಲ್ಲಿ ನಾವು ಸ್ನಾಯುರಜ್ಜುವಿಗೂ, ರಕ್ತನಾಳಕ್ಕೂ, ನಿಜವಾದ ನರಕ್ಕೂ 'ನರ' ಎಂದೇ ಹೇಳುತ್ತೇವೆ. 'ನರ ಹಿಡಿದಿದೆ' ಎಂದ ವಿದ್ಯಾರ್ಥಿಗೆ ಹರಿದಿರುವುದು ಯಾವುದು ಎಂದು ಕೇಳಿ ನೋಡಿ. ತರಗತಿಯ ಅರ್ಧ ಗಂಟೆ ಸೊಗಸಾಗಿ ಕಳೆಯುತ್ತದೆ.

ಸೆಂಟ್ರಿಂಗ್ ತೆಗೆಯುವ ದಿನ

ಹರಿದ ಜಾಗದಲ್ಲಿ ಮೊದಲು ರಕ್ತ ಸೋರಿ ಹೆಪ್ಪುಗಟ್ಟುತ್ತದೆ, ಊತ ಬರುತ್ತದೆ. ಬಿಳಿ ರಕ್ತಕಣಗಳು ಬಂದು ಸತ್ತ ಎಳೆಗಳ ಚೂರುಗಳನ್ನು ತಿಂದು ಸ್ವಚ್ಛ ಮಾಡುತ್ತವೆ. ಈ ಹೊತ್ತಿನಲ್ಲಿ ಬಿಡುಗಡೆಯಾಗುವ ಪ್ರೋಸ್ಟಗ್ಲಾಂಡಿನ್, ಬ್ರಾಡಿಕೈನಿನ್ ಮುಂತಾದ ರಾಸಾಯನಿಕಗಳು ನೋವಿನ ನರತುದಿಗಳನ್ನು ಕೆರಳಿಸುತ್ತವೆ. ಮುಟ್ಟಿದರೆ ನೋವು, ಕಾಲೂರಿದರೆ ನೋವು. ಊತ ಇಳಿದಂತೆ ಈ ರಾಸಾಯನಿಕಗಳೂ ಇಳಿಯುತ್ತವೆ, ನೋವು ಕಡಿಮೆಯಾಗುತ್ತದೆ. ಸಣ್ಣ ಹರಿತವಾದರೆ ಇದಕ್ಕೆ ಕೆಲವೇ ದಿನ ಸಾಕು.

ರಿಪೇರಿ ಕೆಲಸದ ವೇಳಾಪಟ್ಟಿ ಮಾತ್ರ ಬೇರೆ. ಸ್ನಾಯು ಎಳೆಗಳ ಹೊರಮೈಗೆ ಅಂಟಿಕೊಂಡು ನಿದ್ರಿಸುವ ಕೆಲವು ಕೋಶಗಳಿವೆ. 1961ರಲ್ಲಿ ಅಲೆಕ್ಸಾಂಡರ್ ಮೌರೊ ಎಂಬ ವಿಜ್ಞಾನಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇವನ್ನು ಕಂಡು 'ಉಪಗ್ರಹ ಕೋಶ' ಎಂದು ಕರೆದರು. ಪೆಟ್ಟಾದಾಗ ಇವು ಎಚ್ಚೆತ್ತು, ವಿಭಜನೆಗೊಂಡು, ಹೊಸ ಎಳೆಗಳನ್ನು ಕಟ್ಟುತ್ತವೆ. ಜೊತೆಯಲ್ಲೇ ಕೊಲಾಜನ್ ಎಂಬ ಪ್ರೋಟೀನಿನ ಕಲೆ ಬೆಳೆದು ಎರಡು ತುಂಡುಗಳನ್ನು ಕಟ್ಟಿಹಾಕುತ್ತದೆ. ಮೊದಲು ಬರುವ ಕೊಲಾಜನ್ ತೆಳುವಾದ, ದಿಕ್ಕಿಲ್ಲದೆ ಹರಡಿದ ಜಾತಿಯದು. ಸುಮಾರು ಹತ್ತು ದಿನಗಳವರೆಗೆ ಈ ಕಲೆಯೇ ಇಡೀ ಸ್ನಾಯುವಿನ ಅತ್ಯಂತ ದುರ್ಬಲ ಜಾಗ. ಆಮೇಲೆ ಅದು ಬಲಿಯುತ್ತದೆ, ಆದರೆ ಅದರ ಪಕ್ಕದ ಹೊಸ ಎಳೆಗಳು ಇನ್ನೂ ಎಳಸು. ದಪ್ಪ ಕೊಲಾಜನ್ ಬಂದು, ಎಳೆಗಳು ಎಳೆತದ ದಿಕ್ಕಿಗೆ ಸಾಲುಗಟ್ಟಿ ನಿಲ್ಲಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು.

ವೈಟ್‌ಫೀಲ್ಡ್ ಕಡೆ ಯಾವ ಬೀದಿಗೆ ಹೋದರೂ ಒಂದು ಕಟ್ಟಡ ಏಳುತ್ತಿರುತ್ತದೆ. ಛಾವಣಿಗೆ ಕಾಂಕ್ರೀಟು ಹಾಕಿದ ಮರುದಿನವೇ ಮೇಲ್ಮೈ ಗಟ್ಟಿಯಾಗಿ ಅದರ ಮೇಲೆ ಓಡಾಡಬಹುದು. ಆದರೂ ಮೇಸ್ತ್ರಿ ಸೆಂಟ್ರಿಂಗ್ ತೆಗೆಯಲು ಬಿಡುವುದಿಲ್ಲ. ಕಾಂಕ್ರೀಟಿನ ಬಲವನ್ನು ಅಳೆಯುವುದೇ 28ನೆಯ ದಿನ. ಏಳನೆಯ ದಿನಕ್ಕೆ ಅದರ ಮೂರನೆಯ ಎರಡು ಭಾಗದಷ್ಟು ಬಲ ಮಾತ್ರ ಬಂದಿರುತ್ತದೆ. ನೋವು ನಿಂತ ತೊಡೆ ಮರುದಿನದ ಛಾವಣಿಯಿದ್ದಂತೆ. ಮೇಲಿನಿಂದ ನೋಡಿದರೆ ಕೆಲಸ ಮುಗಿದಿದೆ.

ಈ ಹೋಲಿಕೆಗೆ ಒಂದು ಮಿತಿಯಿದೆ. ಕಾಂಕ್ರೀಟಿಗೆ ನೀರು ಹಾಕಿ ಸುಮ್ಮನೆ ಬಿಟ್ಟರೆ ಸಾಕು, ಸ್ನಾಯುವಿಗೆ ಸಾಲದು. ಎಳೆಗಳು ಯಾವ ದಿಕ್ಕಿಗೆ ನಿಲ್ಲಬೇಕೆಂದು ಅವಕ್ಕೆ ತಿಳಿಸುವುದೇ ಎಳೆತ. ಆದ್ದರಿಂದ ಮೊದಲ ಕೆಲವು ದಿನಗಳ ವಿಶ್ರಾಂತಿಯ ನಂತರ ಹಗುರಾದ ಹೊರೆ, ಆಮೇಲೆ ಸ್ವಲ್ಪ ಹೆಚ್ಚು, ಹೀಗೆ ಏರಿಸುತ್ತ ಹೋಗಬೇಕು. ತೊಡೆ ಅಥವಾ ಮೀನಖಂಡದ ಸ್ನಾಯು ಹರಿದುಕೊಂಡ 50 ಹವ್ಯಾಸಿ ಆಟಗಾರರ ಮೇಲೆ ಡೆನ್ಮಾರ್ಕಿನಲ್ಲಿ ನಡೆದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಎರಡನೆಯ ದಿನದಿಂದಲೇ ಹಗುರ ವ್ಯಾಯಾಮ ಆರಂಭಿಸಿದವರು ಆಟಕ್ಕೆ ಮರಳಲು ತೆಗೆದುಕೊಂಡ ಮಧ್ಯಾಂಕ ಅವಧಿ 62.5 ದಿನ, ಒಂಬತ್ತನೆಯ ದಿನದವರೆಗೆ ಸುಮ್ಮನಿದ್ದವರಿಗೆ 83 ದಿನ. ಬೇಗ ಆರಂಭಿಸಿದವರಿಗೂ ಎರಡು ತಿಂಗಳು ಹಿಡಿಯಿತು ಎಂಬುದನ್ನು ಗಮನಿಸಿ. ವೃತ್ತಿಪರ ಆಟಗಾರರು, ಸಣ್ಣ ಹರಿತವಾದರೆ, ಇದಕ್ಕಿಂತ ಬಹಳ ಬೇಗ ಮರಳುವುದುಂಟು. ಆದರೆ ಅವಸರಕ್ಕೆ ಬೆಲೆಯಿದೆ. ಯುರೋಪಿನ ಅಗ್ರ ಫುಟ್‌ಬಾಲ್ ಕ್ಲಬ್ಬುಗಳಲ್ಲಿ 2001ರಿಂದ 21 ಋತುಗಳ ಕಾಲ ನಡೆಸಿದ ಅಧ್ಯಯನದಲ್ಲಿ ಹ್ಯಾಮ್‌ಸ್ಟ್ರಿಂಗ್ ಗಾಯಗಳ ಪೈಕಿ ಶೇಕಡಾ 18ರಷ್ಟು ಹಳೆಯ ಗಾಯವೇ ಮರುಕಳಿಸಿದವು. ಹೀಗೆ ಮರುಕಳಿಸಿದವುಗಳಲ್ಲಿ ಶೇಕಡಾ 69, ಆಟಕ್ಕೆ ಮರಳಿದ ಎರಡೇ ತಿಂಗಳೊಳಗೆ. ಜಗತ್ತಿನ ಅತ್ಯುತ್ತಮ ವೈದ್ಯರು, ಯಂತ್ರಗಳು ಇದ್ದ ಕಡೆಯ ಲೆಕ್ಕವಿದು.

ಹಾಗಾದರೆ 27 ದಿನ ಸಾಕೇ ಎಂಬ ಪ್ರಶ್ನೆಗೆ ಉತ್ತರ: ನಡೆದಾಡಲು ಬೇಕಾದಷ್ಟು ಸಾಕು, ನಿರ್ಣಾಯಕ ಪಂದ್ಯದಲ್ಲಿ ಎರಡನೆಯ ರನ್ನಿಗೆ ಪ್ರಾಣ ಬಿಟ್ಟು ಓಡಲು, ಬೌಂಡರಿ ಗೆರೆಯಲ್ಲಿ ಜಾರಿ ಚೆಂಡು ತಡೆಯಲು ಸಾಕೆಂದು ಯಾರೂ ಖಾತರಿ ಕೊಡಲಾರರು. ತಂಡ ಕರ್ನಾಟಕದವರೇ ಆದ ಮಯಾಂಕ್ ಅಗರ್ವಾಲ್ ಅವರನ್ನು ಕರೆತಂದಿತು. ಮೇ 27ರಂದು ಲಖನೌ ವಿರುದ್ಧ ಅವರು 23 ಎಸೆತಗಳಲ್ಲಿ ಔಟಾಗದೆ 41 ಹೊಡೆದರು. ಜೂನ್ 3ರಂದು ಪಂಜಾಬನ್ನು 6 ರನ್‌ಗಳಿಂದ ಸೋಲಿಸಿ ಬೆಂಗಳೂರು ಕಪ್ ಗೆದ್ದಿತು. (ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಈ ಲೇಖನದ ವಿಷಯ ಅದಲ್ಲವಾದರೂ ಆ ಕಪ್ಪಿನ ಮಾತು ಬಂದಾಗ ಹೇಳದೆ ದಾಟಲಾಗದು.) ಪಡಿಕ್ಕಲ್ ಆಗಸ್ಟ್‌ನಲ್ಲಿ ಮಹಾರಾಜ ಟ್ರೋಫಿಯಲ್ಲಿ ಹುಬ್ಬಳ್ಳಿ ಟೈಗರ್ಸ್ ಪರ ಆಡಿದರು.

ರಜ್ಜು ಹರಿದರೆ ಬೇರೆಯೇ ಗಡಿಯಾರ

ಸ್ನಾಯುವಿಗೆ ರಕ್ತದ ಪೂರೈಕೆ ಧಾರಾಳ.  ಸ್ನಾಯುರಜ್ಜು ಬಿಳಿ. ರಕ್ತ ಕಡಿಮೆ, ಕೋಶಗಳೂ ಕಡಿಮೆ, ಹಾಗಾಗಿ ರಿಪೇರಿ ನಿಧಾನ. 2023ರ ಮೇ 1ರಂದು ಲಖನೌದಲ್ಲಿ ಬೆಂಗಳೂರು ತಂಡದ ವಿರುದ್ಧವೇ ಆಡುತ್ತಿದ್ದ ಕೆ.ಎಲ್. ರಾಹುಲ್ ಬೌಂಡರಿಯತ್ತ ಹೋಗುತ್ತಿದ್ದ ಚೆಂಡನ್ನು ಬೆನ್ನಟ್ಟಿ ತೊಡೆ ಹಿಡಿದು ಕುಸಿದರು. ಕೊನೆಗೆ ಹನ್ನೊಂದನೆಯವರಾಗಿ ಬ್ಯಾಟ್ ಹಿಡಿದು ಬಂದು, ಓಡಲಾಗದೆ ನಿಂತರು. ತಂಡ 18 ರನ್‌ಗಳಿಂದ ಸೋತಿತು. ನಿಲ್ಲಬಲ್ಲವನಿಗೆ ಎಂಥ ಗಾಯ ಎಂದು ನೋಡಿದವರಿಗೆ ಅನಿಸಿದ್ದರೆ ಆಶ್ಚರ್ಯವಿಲ್ಲ. ತೊಡೆಯ ಮುಂಭಾಗದ ಸ್ನಾಯುವಿನ ರಜ್ಜು ಪೂರ್ತಿ ಹರಿದಿತ್ತೆಂದು ನಂತರ ಅವರೇ ಹೇಳಿದರು. ಶಸ್ತ್ರಚಿಕಿತ್ಸೆಯಾಯಿತು. ಲಖನೌ ತಂಡದ ಪ್ಲೇಆಫ್ ಮಾತ್ರವಲ್ಲ, ಜೂನ್‌ನ ವಿಶ್ವ ಟೆಸ್ಟ್ ಚಾಂಪಿಯನ್‌ಷಿಪ್ ಅಂತಿಮ ಪಂದ್ಯವೂ ಅವರ ಕೈತಪ್ಪಿತು. ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ತಿಂಗಳುಗಟ್ಟಲೆ ಪುನಶ್ಚೇತನದ ನಂತರ ಸೆಪ್ಟೆಂಬರ್ 10ರಂದು ಕೊಲಂಬೊದಲ್ಲಿ ಪಾಕಿಸ್ತಾನದ ವಿರುದ್ಧ ಕಣಕ್ಕಿಳಿದರು. ಎಣಿಸಿದರೆ 132 ದಿನ. ಮಳೆಯಿಂದ ಮರುದಿನಕ್ಕೆ ಹೋದ ಆ ಪಂದ್ಯದಲ್ಲಿ ಔಟಾಗದೆ 111 ರನ್ ಗಳಿಸಿದರು.

ಇನ್ನೂ ಕಠಿಣವಾದದ್ದು ಹಿಮ್ಮಡಿಯ ರಜ್ಜು, ಅಂದರೆ ಅಕಿಲಿಸ್. ಕಂಪನಿ ಆವರಣಗಳಲ್ಲಿ, ಅಪಾರ್ಟ್‌ಮೆಂಟುಗಳಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿ, ಮುಂಜಾನೆ ಎದ್ದು ಅಮೆರಿಕದ ಎನ್‌ಬಿಎ ಪಂದ್ಯ ನೋಡುವ ಯುವಕರಿಗೆ ಇದರ ಪರಿಚಯ ಚೆನ್ನಾಗಿದೆ. 2019ರ ಮೇ 8ರಂದು ಪ್ಲೇಆಫ್ ನಡುವೆ ಕೆವಿನ್ ಡುರಾಂಟ್ ಅವರ ಬಲಗಾಲಿನ ಮೀನಖಂಡಕ್ಕೆ ಪೆಟ್ಟಾಯಿತು. 33 ದಿನ ಬಿಟ್ಟು, ಜೂನ್ 10ರಂದು (ನಮ್ಮ ಗಡಿಯಾರದಲ್ಲಿ 11ರ ಬೆಳಿಗ್ಗೆ) ಟೊರಾಂಟೊದಲ್ಲಿ ಅಂತಿಮ ಸರಣಿಯ ಐದನೆಯ ಪಂದ್ಯಕ್ಕೆ ಇಳಿದರು. 12 ನಿಮಿಷ ಆಡಿ 11 ಅಂಕ ಗಳಿಸಿದ್ದಾಗ ಅದೇ ಕಾಲಿನ ಅಕಿಲಿಸ್ ಹರಿಯಿತು. ಎದುರಾಳಿ ತಂಡದ ಕೆಲವು ಅಭಿಮಾನಿಗಳು ಸಂಭ್ರಮಿಸಿ ಕೂಗಿದರು. ಟೊರಾಂಟೊ ಆಟಗಾರರೇ ಕೈಸನ್ನೆ ಮಾಡಿ ಅವರನ್ನು ಸುಮ್ಮನಾಗಿಸಬೇಕಾಯಿತು. ಡುರಾಂಟ್ ಮತ್ತೆ ಅಧಿಕೃತ ಪಂದ್ಯವಾಡಿದ್ದು 2020ರ ಡಿಸೆಂಬರ್ 22ರಂದು. 2025ರ ಜೂನ್ 22ರಂದು, ಅಂತಿಮ ಸರಣಿಯ ಏಳನೆಯ ಪಂದ್ಯದಲ್ಲಿ, ಟೈರೀಸ್ ಹ್ಯಾಲಿಬರ್ಟನ್ ಅವರಿಗೂ ಹೀಗೇ ಆಯಿತು: ಕೆಲವೇ ದಿನ ಮೊದಲು ಬಲ ಮೀನಖಂಡಕ್ಕೆ ಪೆಟ್ಟು, ಈಗ ಬಲ ಅಕಿಲಿಸ್. ಮುಂದಿನ ಇಡೀ ಋತು ಆಡುವುದಿಲ್ಲವೆಂದು ತಂಡ ಪ್ರಕಟಿಸಿತು. ಮೊದಲ ಗಾಯವೇ ಎರಡನೆಯದಕ್ಕೆ ಕಾರಣ ಎಂದು ಒಬ್ಬ ಆಟಗಾರನ ವಿಷಯದಲ್ಲಿ ಸಾಧಿಸಿ ತೋರಿಸಲಾಗದು. ಆದರೆ ಮೀನಖಂಡವೂ ಅಕಿಲಿಸ್ ರಜ್ಜುವೂ ಒಂದೇ ಸರಪಳಿಯ ಎರಡು ಕೊಂಡಿಗಳು ಎಂಬುದನ್ನು ಮರೆಯುವಂತಿಲ್ಲ.

ಆ ಕೊಂಡಿಯ ಮೇಲೆ ಬೀಳುವ ಬಲವನ್ನು ನೀವೇ ಲೆಕ್ಕ ಹಾಕಬಹುದು. ಒಂದೇ ಕಾಲಿನ ಮುಂಗಾಲಿನ ಮೇಲೆ ನಿಂತಿದ್ದೀರಿ ಎನ್ನಿ. ಪಾದದ ಕೀಲನ್ನು ಆಧಾರ ಬಿಂದುವೆಂದು ತೆಗೆದುಕೊಳ್ಳಿ. ಅಲ್ಲಿಂದ ನೆಲ ತಾಗಿರುವ ಮುಂಗಾಲಿಗೆ ಸುಮಾರು 12 ಸೆಂ.ಮೀ., ಹಿಂದಿನ ಅಕಿಲಿಸ್‌ಗೆ ಸುಮಾರು 5 ಸೆಂ.ಮೀ. ದೂರ. 60 ಕಿಲೊಗ್ರಾಂ ತೂಕದವರಿಗೆ ನೆಲದ ಒತ್ತು 600 ನ್ಯೂಟನ್. ಸನ್ನೆಯ ನಿಯಮದಂತೆ ರಜ್ಜುವಿನ ಎಳೆತ 600ನ್ನು 12ರಿಂದ ಗುಣಿಸಿ 5ರಿಂದ ಭಾಗಿಸಿದಷ್ಟು, ಅಂದರೆ 1440 ನ್ಯೂಟನ್. ಸುಮ್ಮನೆ ನಿಂತಾಗಲೇ ದೇಹದ ತೂಕದ 2.4 ಪಟ್ಟು! ನೆಗೆದು ಇಳಿದಾಗ, ತಟ್ಟನೆ ಮುನ್ನುಗ್ಗಿದಾಗ ಇದು ಇನ್ನೂ ಹಲವು ಪಟ್ಟು. ಅಳತೆಪಟ್ಟಿ ಹಿಡಿದು ಪ್ರತಿ ವಿದ್ಯಾರ್ಥಿಯೂ ತನ್ನ ಪಾದದಿಂದಲೇ ಈ ಲೆಕ್ಕ ಮಾಡಲಿ. ಉತ್ತರಗಳು ಬೇರೆಬೇರೆ ಬರುತ್ತವೆ, ಏಕೆಂದು ಚರ್ಚಿಸಲಿ. ಇಷ್ಟು ಹೊರೆ ಹೊರುವ ರಜ್ಜುವಿಗೆ ಹಿಮ್ಮಡಿ ಮೂಳೆಯಿಂದ 2ರಿಂದ 6 ಸೆಂ.ಮೀ. ಮೇಲಿನ ಭಾಗದಲ್ಲಿ ರಕ್ತ ಪೂರೈಕೆ ತೀರ ಕಡಿಮೆ. ಸಾಮಾನ್ಯವಾಗಿ ಹರಿಯುವುದೂ ಅಲ್ಲೇ.

ಕಪ್ಪಿಲ್ಲದವರ ಗಾಯ

ಪಡಿಕ್ಕಲ್, ರಾಹುಲ್, ಡುರಾಂಟ್ ಅವರಿಗೆ ಸ್ಕ್ಯಾನ್ ಇತ್ತು, ದಿನವೂ ತೊಡೆ ನೋಡುವ ಫಿಸಿಯೊ ಇದ್ದರು. ವಾರವಿಡೀ ಕುರ್ಚಿಯಲ್ಲಿ ಕುಳಿತು ಶನಿವಾರ ರಾತ್ರಿ ಬಾಡಿಗೆ ಟರ್ಫಿನಲ್ಲಿ ಮೈಕಾಯಿಸದೆ ಓಡುವ ಸಾಫ್ಟ್‌ವೇರ್ ನೌಕರನಿಗೆ ಇರುವುದು ನೋವಿನ ಮಾತ್ರೆ. ಮಾತ್ರೆ ಮಾಡುವುದೇನು? ಪ್ರೋಸ್ಟಗ್ಲಾಂಡಿನ್ ತಯಾರಾಗುವುದನ್ನು ತಡೆಯುತ್ತದೆ. ಕೊಲಾಜನ್‌ನ ಒಂದು ಎಳೆಯನ್ನೂ ಗಟ್ಟಿ ಮಾಡುವುದಿಲ್ಲ. ರಾಜ್ಯೋತ್ಸವ ಕಪ್‌ನಲ್ಲಿ ಕಬಡ್ಡಿ ಆಡಿ ತೊಡೆ ಹರಿದುಕೊಂಡ ಪೀಣ್ಯದ ಲೇತ್ ಕಾರ್ಮಿಕನ ಪಾಡು ಇನ್ನೂ ಬಿಗಿ. ಇಎಸ್‌ಐ ಇದ್ದವರಿಗೆ ಕಾಯಿಲೆಯ ದಿನಗಳಿಗೆ ಸಂಬಳದ ಒಂದು ಪಾಲಾದರೂ ಸಿಗುತ್ತದೆ. ದಿನಗೂಲಿಯವನು ನೋವು ತಡೆಯುವಂತಾದ ದಿನವೇ ಯಂತ್ರದ ಮುಂದೆ ಎಂಟು ಗಂಟೆ ನಿಲ್ಲುತ್ತಾನೆ. ಮೊದಲ ಎರಡು ಮೂರು ದಿನ ಎಣ್ಣೆ ಹಚ್ಚಿ ಬಲವಾಗಿ ನೀವುವುದು, ಬಿಸಿ ಶಾಖ ಕೊಡುವುದು ನಮ್ಮಲ್ಲಿ ರೂಢಿ. ಆ ದಿನಗಳಲ್ಲಿ ಒಳಗಿನ ರಕ್ತಸ್ರಾವ ಇದರಿಂದ ಹೆಚ್ಚುತ್ತದೆ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, ಅಗಲ ಪಟ್ಟಿಯ ಹದವಾದ ಬಿಗಿತ, ಕಾಲನ್ನು ಎತ್ತರದಲ್ಲಿಡುವುದು, ಇಷ್ಟೇ ಸಾಕು.

ಶಿಕ್ಷಕರು ಹೆಚ್ಚು ಎಚ್ಚರ ವಹಿಸಬೇಕಾದದ್ದು ಮಕ್ಕಳ ವಿಷಯದಲ್ಲಿ. ಹೋಬಳಿ ಮಟ್ಟದಲ್ಲಿ ಗೆದ್ದ ಹುಡುಗಿ ತಾಲ್ಲೂಕು ಕ್ರೀಡಾಕೂಟಕ್ಕೆ ವಾರವಿರುವಾಗ ತೊಡೆ ಹಿಡಿದು ನಿಲ್ಲುತ್ತಾಳೆ. ಆಗ ಇಡೀ ಶಾಲೆಯೇ ಅಭಿಮಾನಿ ಬಳಗ. "ಈಗ ನೋವಿದೆಯಾ?" ಎಂದು ಕೇಳಿದರೆ ಆ ಮಗು "ಇಲ್ಲ ಮಿಸ್" ಎನ್ನದೆ ಮತ್ತೇನು ಹೇಳೀತು? ಹದಿಮೂರರಿಂದ ಹದಿನಾರರ ವಯಸ್ಸಿನಲ್ಲಿ ರಜ್ಜು ಅಂಟಿಕೊಂಡಿರುವ ಮೂಳೆಯ ತುದಿ ಇನ್ನೂ ಪೂರ್ತಿ ಮೂಳೆಯಾಗಿರುವುದಿಲ್ಲ. ನಡುವೆ ಮೃದ್ವಸ್ಥಿಯ ಪದರವಿರುತ್ತದೆ. ದೊಡ್ಡವರಲ್ಲಿ ಸ್ನಾಯು ಹರಿಯುವ ಕಡೆ ಇವರಲ್ಲಿ ಕೂರುವ ಮೂಳೆಯ ಚೂರೇ ರಜ್ಜುವಿನೊಂದಿಗೆ ಕಿತ್ತು ಬರಬಹುದು. ಓಡುತ್ತಿದ್ದ ಮಗುವಿಗೆ 'ಟಪ್' ಎಂದ ಅನುಭವ, ಪೃಷ್ಠದ ಕೆಳಗೆ ಒಂದೇ ಕಡೆ ತೀವ್ರ ನೋವು, ಕೂರಲು ಕಷ್ಟ ಎಂದಾದರೆ ಅದನ್ನು ಬರಿಯ ಸ್ನಾಯು ನೋವೆಂದು ಬಿಡಬೇಡಿ. ಕಟ್ಟು ಕಟ್ಟಿಸುವ ಮೊದಲು ಒಂದು ಎಕ್ಸ್-ರೇ ತೆಗೆಸಿ.

ನೋವಿದೆಯೇ ಎಂಬುದಕ್ಕೆ ಬದಲು ಕಾಲಿಗೆ ಎಷ್ಟು ಬಲವಿದೆ ಎಂದು ಪರೀಕ್ಷಿಸಲು ಒಂದು ಸುಲಭ ವಿಧಾನವಿದೆ. ಅಂಗಾತ ಮಲಗಿ, ಒಂದು ಕಾಲಿನ ಹಿಮ್ಮಡಿಯನ್ನು ಕುರ್ಚಿಯ ಮೇಲಿಟ್ಟು, ಮಂಡಿ ತುಸು ಬಾಗಿಸಿ, ಇನ್ನೊಂದು ಕಾಲನ್ನು ಗಾಳಿಯಲ್ಲಿ ಹಿಡಿದು, ಸೊಂಟವನ್ನು ನೆಲದಿಂದ ಎತ್ತಿ ಇಳಿಸಬೇಕು. ಎಷ್ಟು ಸಲ ಆಗುತ್ತದೆಂದು ಎಣಿಸಿ, ಮತ್ತೊಂದು ಕಾಲಿನಲ್ಲೂ ಮಾಡಿಸಿ. ಪೆಟ್ಟಾದ ಕಾಲಿನ ಎಣಿಕೆ ಇನ್ನೊಂದರ ಸಮೀಪ ಬರುವವರೆಗೆ ಪೂರ್ಣ ವೇಗದ ಓಟ ಬೇಡ. ಬಂದ ಮೇಲೂ ಮೊದಲು ನಡಿಗೆ, ನಿಧಾನ ಓಟ, ಮುಕ್ಕಾಲು ವೇಗ, ಆಮೇಲೆ ಪೂರ್ಣ ವೇಗ.

ಪೆಟ್ಟೇ ಆಗದವರಿಗೂ ಒಂದು ವ್ಯಾಯಾಮವಿದೆ. ನಾರ್ಡಿಕ್ ಎಂದು ಹೆಸರು. ಮಂಡಿಯೂರಿ ಕುಳಿತವನ ಹಿಮ್ಮಡಿಗಳನ್ನು ಗೆಳೆಯನೊಬ್ಬ ಹಿಂದಿನಿಂದ ಒತ್ತಿ ಹಿಡಿಯುತ್ತಾನೆ. ಕುಳಿತವನು ಬೆನ್ನು, ಸೊಂಟ ನೇರವಾಗಿಟ್ಟುಕೊಂಡು ಆದಷ್ಟು ನಿಧಾನವಾಗಿ ಮುಂದಕ್ಕೆ ಬೀಳುತ್ತಾನೆ, ಕೊನೆಯಲ್ಲಿ ಅಂಗೈ ಊರುತ್ತಾನೆ. ಬಾವಿಗೆ ಕೊಡ ಇಳಿಸುವ ಕೆಲಸವನ್ನೇ ತೊಡೆಗೆ ಅಭ್ಯಾಸ ಮಾಡಿಸಿದಂತೆ. 15 ಅಧ್ಯಯನಗಳ 8,459 ಆಟಗಾರರ ಮಾಹಿತಿಯನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಇದನ್ನು ಸೇರಿಸಿಕೊಂಡ ತಂಡಗಳಲ್ಲಿ ಹ್ಯಾಮ್‌ಸ್ಟ್ರಿಂಗ್ ಗಾಯಗಳು ಸುಮಾರು ಅರ್ಧಕ್ಕೆ ಇಳಿದವು. ಬೇಕಾದದ್ದು ಒಂದು ಚಾಪೆ, ಒಬ್ಬ ಗೆಳೆಯ. ಮೊದಲ ವಾರ ನಾಲ್ಕೈದು ಸಲಕ್ಕೇ ನಿಲ್ಲಿಸಿ. ಮರುದಿನ ತೊಡೆ ಚೆನ್ನಾಗಿಯೇ ನೋಯುತ್ತದೆ.